ಸಾಂಕ್ರಾಮಿಕ ರೋಗಗಳನ್ನು ಎದುರಿಸಲು ಸ್ಮಾರ್ಟ್ ಕಟ್ಟಡಗಳು ಹೇಗೆ ನೆರವಾಗುತ್ತವೆ?

ಕೋವಿಡ್‌-19 ಮುಖ್ಯವಾಗಿ ಗಾಳಿಯ ಮೂಲಕ ಹರಡುವ ಸೋಂಕು. ಸೋಂಕಿತರು ಉಸಿರಾಡುವಾಗ, ಮಾತನಾಡುವಾಗ ಹೊರಬರುವ ಅತಿಸೂಕ್ಷ್ಮ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಇವು 10 ಮೀಟರ್‌ವರೆಗೂ ಹರಡಬಹುದು ಎಂದು ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 2021ರ ಮೇ ತಿಂಗಳಲ್ಲಿ ತಿಳಿಸಿತ್ತು.

ಎಸಿ ಕೋಣೆಯಲ್ಲಿ ತೊಂದರೆ ಏನು?

ವಿಜಯವಾಡದ ಬಿರುಬಿಸಿಲಿಗೆ, ವಿಶಾಖಪಟ್ಟಣದ ಕಡಲತೀರದ ಸೆಕೆಗೆ ಕಿಟಕಿ ಮುಚ್ಚಿ ಎಸಿ ಹಾಕುವುದು ಸಹಜ. ಆದರೆ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ.

ತಂತ್ರಜ್ಞಾನ ಏನು ಮಾಡುತ್ತದೆ?

• ಇಂಗಾಲದ ಡೈಆಕ್ಸೈಡ್ ಸೆನ್ಸರ್: ಹೊರಗಿನ ಗಾಳಿಯಲ್ಲಿ ಇದರ ಪ್ರಮಾಣ ಸುಮಾರು 420 ಪಿಪಿಎಂ. ಜನರಿರುವ ಕೋಣೆಯಲ್ಲಿ 800 ದಾಟಿಯೇ ಇದ್ದರೆ ತಾಜಾ ಗಾಳಿ ಸಾಲದು ಎಂದರ್ಥ.
• ಸ್ವಯಂಚಾಲಿತ ಫ್ಯಾನ್: ಜನ ಹೆಚ್ಚಿದಂತೆ ಹೊರಗಿನ ಗಾಳಿಯನ್ನು ಹೆಚ್ಚು ಎಳೆದುಕೊಳ್ಳುತ್ತದೆ.
• ಹೆಪಾ ಫಿಲ್ಟರ್: ವೈರಾಣು ಹೊತ್ತ ಕಣಗಳನ್ನು ಹಿಡಿದಿಡುತ್ತದೆ.

ಮಿತಿಗಳೇನು?

ಸೆನ್ಸರ್ ವೈರಾಣುವನ್ನು ಗುರುತಿಸುವುದಿಲ್ಲ. ರೋಗಿ ಒಬ್ಬರೇ ಇರುವ ಕೋಣೆಯಲ್ಲಿ ಅಂಕಿ ಕಡಿಮೆ ಇದ್ದರೂ ಸೋಂಕಿನ ಅಪಾಯ ಇದ್ದೇ ಇರುತ್ತದೆ. ಸೆನ್ಸರ್ ಸೂಚನೆ ಕೊಡುತ್ತದೆ. ಸೋಂಕು ತಗ್ಗಿಸುವುದು ಕಿಟಕಿ, ಫ್ಯಾನ್, ಫಿಲ್ಟರ್, ಮಾಸ್ಕ್.

ಗಾಳಿಯೊಂದೇ ಸಾಲದು. 2020ರ ಆಗಸ್ಟ್ 9ರಂದು, ಕೋವಿಡ್ ಆರೈಕೆ ಕೇಂದ್ರವಾಗಿದ್ದ ವಿಜಯವಾಡದ ಹೋಟೆಲೊಂದರಲ್ಲಿ ಬೆಂಕಿ ಬಿದ್ದು ಕನಿಷ್ಠ 10 ಮಂದಿ ಮೃತಪಟ್ಟರು. ರೋಗಿಗಳಿರುವ ಯಾವುದೇ ಕಟ್ಟಡದಲ್ಲಿ ಹೊಗೆ ಪತ್ತೆ ಸಾಧನ, ಎಚ್ಚರಿಕೆ ಗಂಟೆ, ಅಡೆತಡೆಯಿಲ್ಲದ ಮೆಟ್ಟಿಲು ಇರಲೇಬೇಕು. ಕರೆಂಟ್ ಹೋದರೂ ಬಾಗಿಲು ಒಳಗಿನಿಂದ ತೆರೆಯುವಂತಿರಬೇಕು.

ಆರೈಕೆ ಮಾಡುವವರು ಏನು ಮಾಡಬೇಕು?

• ರೋಗಿಯ ಕೋಣೆಯ ಕಿಟಕಿ ತೆರೆದಿಡಿ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಗಾಳಿ ಹೊರಹೋಗುವಂತೆ ಹಾಕಿ.
• ಎಸಿ ಬೇಕೇ ಬೇಕೆಂದರೆ 24–30 ಡಿಗ್ರಿಯಲ್ಲಿಟ್ಟು, ಕಿಟಕಿಯನ್ನು ಸ್ವಲ್ಪ ತೆರೆದಿಡಿ.
• ಕೋಣೆಯೊಳಗೆ ಇಬ್ಬರೂ ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಧರಿಸಿ.
• ಆಸ್ಪತ್ರೆ ಅಥವಾ ಆರೈಕೆ ಕೇಂದ್ರಕ್ಕೆ ಸೇರಿಸುವಾಗ ಎರಡು ಪ್ರಶ್ನೆ ಕೇಳಿ: ಇಲ್ಲಿಗೆ ತಾಜಾ ಗಾಳಿ ಎಲ್ಲಿಂದ ಬರುತ್ತದೆ? ತುರ್ತು ದಾರಿ ಯಾವುದು?

ಯಾವಾಗ ವೈದ್ಯರನ್ನು ಕಾಣಬೇಕು?

ಉಸಿರಾಟದ ತೊಂದರೆ, ಬಿಡದ ಎದೆನೋವು, ಗೊಂದಲದ ಸ್ಥಿತಿ ಅಥವಾ ಆಮ್ಲಜನಕದ ಮಟ್ಟ ಶೇ. 94ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.