ಕೋಲಾರದ ವಿದ್ಯುತ್ಪ್ರವಾಹವೂ ‘ದಿಷ್ಟಕಾರಿ’ ಶಬ್ದವೂ

ಕ್ರಿ. ಶ. 1902ನೆಯ ಇಸವಿಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ಹರಿದುಬಂದ ವಿದ್ಯುತ್ತು ಪರ್ಯಾಯ ಪ್ರವಾಹವಾಗಿದ್ದಿತು. ಎಂದರೆ ಕ್ಷಣಕ್ಷಣಕ್ಕೂ ಮುಖ ತಿರುಗಿಸತಕ್ಕದ್ದು. ಗಣಿಗಳು 2001ರಲ್ಲಿ ಮುಚ್ಚಿದುವು. ಅದಾದ ಎರಡೇ ವರ್ಷಕ್ಕೆ, 2003ರಲ್ಲಿ, ಒಡಿಶಾದ ತಾಲ್ಚೇರಿನಿಂದ ಧನ ಋಣ 500 ಕಿಲೋವೋಲ್ಟಿನ ತಂತಿಗಳ ಮೇಲೆ 2000 ಮೆಗಾವಾಟ್ ಸಾಮರ್ಥ್ಯದ ಏಕಮುಖ ಪ್ರವಾಹವು ಅದೇ ಕೋಲಾರದ ಸೀಮೆಗೆ ಬಂದಿತು.

ಪರ್ಯಾಯವನ್ನು ಏಕಮುಖ ಮಾಡುವ ಸಾಧನಕ್ಕೆ ವಿಜ್ಞಾನಗ್ರಂಥಗಳಲ್ಲಿ ‘ದಿಷ್ಟಕಾರಿ’ ಎಂದು ಹೆಸರು. ದಿಶ್ ಧಾತುವಿನಿಂದಾದ ಶಬ್ದ. ದಿಕ್ಕನ್ನು ಗೊತ್ತುಮಾಡುವುದೆಂಬ ಅರ್ಥ ಸಾಧುವೇ. (ಕೋಶಗಳಲ್ಲಿ ‘ದಿಷ್ಟ’ಕ್ಕೆ ದೈವವೆಂಬ ಅರ್ಥವೂ ಉಂಟಷ್ಟೆ!) ಆದರೆ ಈ ಹೆಸರು ತಾಲ್ಚೇರಿಗೆ ಸಲ್ಲುವುದೇ ಹೊರತು ಕೋಲಾರಕ್ಕೆ ಸಲ್ಲದು, ಇಲ್ಲಿ ಸಾಮಾನ್ಯವಾಗಿ ನಡೆಯುವುದು ಅದಕ್ಕೆ ತದ್ವಿರುದ್ಧವಾದ ಕಾರ್ಯ. ಥೈರಿಸ್ಟರುಗಳ ಜಾತಿ ಎರಡೆಡೆಯೂ ಒಂದೇ. ಅವನ್ನು ಪ್ರಚೋದಿಸುವ ಕ್ಷಣದ ಭೇದದಿಂದಲೇ ಕಾರ್ಯಭೇದ. ‘ಪರಿವರ್ತಕ’ವೆಂದರೆ ಎರಡಕ್ಕೂ ಒಪ್ಪೀತು, ಆದರೆ ಆ ಶಬ್ದವು ಟ್ರಾನ್ಸ್‌ಫಾರ್ಮರಿಗೆ ರೂಢವಾಗಿಬಿಟ್ಟಿದೆ.

ಹೀಗೆ ಮಾರ್ಪಟ್ಟ ಪ್ರವಾಹವು ಪೂರ್ಣಶುದ್ಧವೂ ಅಲ್ಲ. ಹನ್ನೆರಡು ಸ್ಪಂದಗಳ ಏರ್ಪಾಡಿನಲ್ಲಿ ಪರ್ಯಾಯದ ಕಡೆ ಮೂಲ ಆವರ್ತನದ 11, 13, 23, 25 ಮಡಿಯ ತರಂಗಗಳೂ ಏಕಮುಖದ ಕಡೆ 12, 24 ಮಡಿಯವೂ ಹುಟ್ಟುತ್ತವೆ. ಸೆಕೆಂಡಿಗೆ 50 ಆವರ್ತನಗಳ ನಮ್ಮ ವಿದ್ಯುತ್ತಿನಲ್ಲಿ ಹನ್ನೊಂದನೆಯದು 550 ಆಗುವುದರಿಂದ, ತಡೆಯದಿದ್ದರೆ ನೆರೆಯ ದೂರವಾಣಿ ತಂತಿಗಳಲ್ಲಿ ಅದು ಗುಂಜಾರವವಾಗಿ ಕೇಳಿಬರಬಹುದು. ಇದರ ನಿವಾರಣೆಗೆಂದೇ ನಿಲ್ದಾಣದ ಬಯಲಿನಲ್ಲಿ ಶೋಧಕಗಳ ಸಾಲುಗಳನ್ನು ನಿಲ್ಲಿಸುತ್ತಾರೆ.