ಎರಡು ಆಯುಷ್ಯಗಳ ನಡುವಿನ ಒಂಬತ್ತು ಪಿನ್ನು

ನಮ್ಮ ರಾಮದಾಸಪೇಠಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಒಂದೋ ಡಾಕ್ಟರ ಬೋರ್ಡಿಗೆ ತಾಗುತ್ತದೆ, ಇಲ್ಲವೇ ಲ್ಯಾಬಿನ ಬೋರ್ಡಿಗೆ ಅಂತ ನಾನು ಊರಿನಿಂದ ಬಂದವರಿಗೆ ತಮಾಷೆಗೆ ಹೇಳುವುದುಂಟು. ಈ ಲ್ಯಾಬುಗಳಲ್ಲಿ ರಕ್ತ ಪರೀಕ್ಷೆ ಮಾಡುವ ಯಂತ್ರಗಳಿರುತ್ತವಲ್ಲ, ಅವುಗಳ ಹಿಂಭಾಗವನ್ನು ಒಮ್ಮೆ ನೋಡಿ. ಸ್ವಲ್ಪ ಹಳೆಯ ಯಂತ್ರವಾದರೆ ಅಲ್ಲೊಂದು ಚಿಕ್ಕ ಸಾಕೆಟ್ ಕಾಣುತ್ತದೆ. ಮೇಲಿನ ಸಾಲಿನಲ್ಲಿ ಐದು ಪಿನ್ನು, ಕೆಳಗಿನ ಸಾಲಿನಲ್ಲಿ ನಾಲ್ಕು. ಚಿನ್ನದಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಹಿಂದೆಯೂ ಅದೇ. ಬ್ಯಾಂಕಿನ ಪಾಸ್‌ಬುಕ್ ಪ್ರಿಂಟರಿನ ಹಿಂದೆಯೂ ಅದೇ. ಇದರ ಹೆಸರು ಸೀರಿಯಲ್ ಪೋರ್ಟ್.

"ಇದೆಲ್ಲ ಹಳೇ ಕಾಲದ್ದು, ಬಿಸಾಕಿ ಹೊಸದು ತಗೊಳ್ಳಿ" ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಂಜಿನಿಯರ್ ಅಲ್ಲ, ಬಿ.ಕಾಂ. ಓದಿ ಬ್ಯಾಂಕು ಸೇರಿದವನು. ಆದರೆ ಬಿಸಾಕುವುದೋ ಇಟ್ಟುಕೊಳ್ಳುವುದೋ ಎಂಬ ಪ್ರಶ್ನೆಯಲ್ಲಿ ಲೆಕ್ಕಪತ್ರದ ಮಾತೂ ಇದೆ. ಆದ್ದರಿಂದ ಈ ಒಂಬತ್ತು ಪಿನ್ನುಗಳ ಇತಿಹಾಸವನ್ನು ಒಬ್ಬ ಬ್ಯಾಂಕಿನವನ ಕಣ್ಣಿನಿಂದ ಹೇಳೋಣ ಅನ್ನಿಸಿತು.

ಮೊದಲು ಸೀರಿಯಲ್ ಅಂದರೇನು? ಅಕ್ಷರವೊಂದನ್ನು ಯಂತ್ರ ಏಳೆಂಟು ಸೊನ್ನೆ-ಒಂದುಗಳಾಗಿ ಒಡೆಯುತ್ತದೆ. ಎಂಟು ತಂತಿ ಹಾಕಿ ಎಂಟನ್ನೂ ಒಟ್ಟಿಗೆ ಕಳಿಸಬಹುದು. ಅಥವಾ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದು, ನಮ್ಮ ಕೌಂಟರಿನ ಎದುರಿನ ಸರತಿ ಸಾಲಿನಂತೆ ಕಳಿಸಬಹುದು. ಎರಡನೆಯದೇ ಸೀರಿಯಲ್. ನಿಧಾನ, ಆದರೆ ತಂತಿ ಕಡಿಮೆ, ದೂರ ಹೆಚ್ಚು.

ಈ ಉಪಾಯ ಕಂಪ್ಯೂಟರಿನದ್ದಲ್ಲ, ತಂತಿ ಇಲಾಖೆಯದ್ದು. ಫ್ರಾನ್ಸಿನ ಎಮಿಲ್ ಬೋದೊ ಎಂಬಾತ ೧೮೭೦ರ ದಶಕದಲ್ಲಿ ಪ್ರತಿ ಅಕ್ಷರಕ್ಕೂ ಐದು ಸಂಕೇತಗಳ ಪದ್ಧತಿ ಮಾಡಿದ. ವೇಗ ಅಳೆಯುವ 'ಬಾಡ್' ಎಂಬ ಮಾತು ಅವನ ಹೆಸರಿನಿಂದಲೇ ಬಂದದ್ದು. ಅದರ ಬೆನ್ನಿಗೆ ಟೆಲಿಪ್ರಿಂಟರುಗಳು ಬಂದವು. ಪ್ರತಿ ಅಕ್ಷರದ ಮುಂದೆ 'ಶುರು' ಎನ್ನುವ ಒಂದು ಸಂಕೇತ, ಕೊನೆಗೆ 'ಮುಗಿಯಿತು' ಎನ್ನುವ ಇನ್ನೊಂದು. ಇವತ್ತಿನ ಸೀರಿಯಲ್ ಪೋರ್ಟ್ ಕೂಡ ಇದೇ ಶಿಸ್ತನ್ನು ಪಾಲಿಸುತ್ತದೆ.

೧೯೬೦ರಲ್ಲಿ ಎರಡು ಸಂಗತಿಗಳು ನಡೆದವು. ಮದರಾಸಿನಲ್ಲಿ ಸರ್ಕಾರದ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಕಂಪನಿ ಹುಟ್ಟಿತು. ಅಮೆರಿಕದಲ್ಲಿ ಅಲ್ಲಿನ ಎಲೆಕ್ಟ್ರಾನಿಕ್ ಉದ್ಯಮದ ಸಂಘ ಆರ್‌ಎಸ್-೨೩೨ ಎಂಬ ನಿಯಮಾವಳಿ ಹೊರಡಿಸಿತು. ಆರ್‌ಎಸ್ ಅಂದರೆ 'ಶಿಫಾರಸು ಮಾಡಿದ ಮಾನದಂಡ' ಅಷ್ಟೆ, ಕಾನೂನಲ್ಲ. ಟೆಲಿಪ್ರಿಂಟರಿನಂಥ ಯಂತ್ರಕ್ಕೂ ದೂರವಾಣಿ ತಂತಿಯ ಮೋಡೆಮ್‌ಗೂ ನಡುವೆ ಯಾವ ತಂತಿ ಏನು ಹೇಳಬೇಕು ಎಂಬ ಒಪ್ಪಂದ. ೧೯೬೯ರಲ್ಲಿ ಅದರ 'ಸಿ' ಆವೃತ್ತಿ ಬಂತು, ಬಹುಕಾಲ ನಿಂತದ್ದು ಅದೇ. ಶುರುವಿನಲ್ಲಿ ಇಪ್ಪತ್ತೈದು ಪಿನ್ನಿನ ದೊಡ್ಡ ಸಾಕೆಟ್ ರೂಢಿಯಲ್ಲಿತ್ತು. ೧೯೮೪ರಲ್ಲಿ ಐಬಿಎಂ ತನ್ನ ಪಿಸಿ-ಎಟಿ ಕಂಪ್ಯೂಟರಿನಲ್ಲಿ ಅದನ್ನು ಒಂಬತ್ತಕ್ಕೆ ಇಳಿಸಿತು. ಈ ನಿಯಮಾವಳಿಯಲ್ಲಿ ಋಣ ವೋಲ್ಟೇಜು ಅಂದರೆ 'ಒಂದು', ಧನ ವೋಲ್ಟೇಜು ಅಂದರೆ 'ಸೊನ್ನೆ'. ಡೆಬಿಟ್-ಕ್ರೆಡಿಟ್ ತಿರುವು ಹಾಕಿ ಬರೆದ ಹಾಗೆ!

ನನಗೆ ಇದನ್ನು ನೋಡಿದರೆ ಚೆಕ್ಕಿನ ನೆನಪಾಗುತ್ತದೆ. ಚೆಕ್ಕು ಬರೆದವನಿಗೂ ಹಣ ಕೊಡುವ ಕ್ಯಾಶಿಯರನಿಗೂ ಪರಿಚಯ ಬೇಕಿಲ್ಲ. ತಾರೀಕು ಎಲ್ಲಿ, ಮೊತ್ತ ಎಲ್ಲಿ, ಸಹಿ ಎಲ್ಲಿ ಎಂಬ ಒಪ್ಪಂದವೊಂದಿದ್ದರೆ ಸಾಕು. ಈ ಒಂಬತ್ತು ಪಿನ್ನೂ ಹಾಗೆಯೇ, ಪರಿಚಯವಿಲ್ಲದ ಎರಡು ಯಂತ್ರಗಳ ನಡುವಿನ ಚೆಕ್ಕು.

ನಮ್ಮ ಬ್ಯಾಂಕುಗಳಿಗೆ ಇದು ಬಂದದ್ದು ಹೇಗೆ? ೧೯೮೩ರಲ್ಲಿ ಬ್ಯಾಂಕುಗಳ ಆಡಳಿತಕ್ಕೂ ನೌಕರರ ಸಂಘಗಳಿಗೂ ಯಂತ್ರಗಳ ಬಗ್ಗೆ ಒಂದು ಒಪ್ಪಂದವಾಯಿತು. ೧೯೮೪ರಲ್ಲಿ, ಆಗ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಅವರ ಸಮಿತಿ ವರದಿ ಕೊಟ್ಟಿತು. ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ತೊಂಬತ್ತರ ದಶಕದಲ್ಲಿ ಅನೇಕ ಶಾಖೆಗಳಲ್ಲಿ ಮ್ಯಾನೇಜರರ ಕೋಣೆಯ ಪಕ್ಕ ಒಂದೇ ಒಂದು ಯುನಿಕ್ಸ್ ಕಂಪ್ಯೂಟರ್, ಕೌಂಟರುಗಳಲ್ಲಿ ಹಸಿರು ಅಕ್ಷರದ ಟರ್ಮಿನಲ್ಲುಗಳು. ಒಂದೊಂದು ಟರ್ಮಿನಲ್ಲಿಗೂ ಒಂದೊಂದು ಸೀರಿಯಲ್ ಕೇಬಲ್. ೧೯೯೮ರಲ್ಲಿ ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಟ್ಠಲ್ ಅವರು, ೨೦೦೧ರ ಜನವರಿ ೧ರೊಳಗೆ ಬ್ಯಾಂಕುಗಳ ವ್ಯವಹಾರದ ಶೇ. ೭೦ರಷ್ಟು ಗಣಕೀಕರಣವಾಗಬೇಕು ಎಂದು ತಾಕೀತು ಮಾಡಿದರು. ಆ ಅವಸರದಲ್ಲಿ ಎಷ್ಟು ಮೈಲಿ ಕೇಬಲ್ ನೆಲದಡಿ ಸೇರಿತೋ ದೇವರೇ ಬಲ್ಲ. ಇಲಿಗಳಿಗಂತೂ ಸುಗ್ಗಿ.

ಇಲ್ಲಿ ಕನ್ನಡಿಗರಾದ ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಇನ್ನೊಂದು ಯಂತ್ರವಿದೆ. ೧೯೨೫ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಅವರು ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು (೨೦೨೦ರ ಏಪ್ರಿಲಿನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು). ಅವರು ೧೯೨೮ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದರು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಒಯ್ಯುತ್ತಿದ್ದರು. ಆ ಪದ್ಧತಿ ದೇಶದ ಸಹಕಾರಿ ಸಂಘಗಳಿಗೆಲ್ಲ ಹಬ್ಬಿತು. ಇಲ್ಲಿ ವಿದರ್ಭದ ಪತಸಂಸ್ಥೆಗಳಲ್ಲೂ ದೈನಿಕ ಠೇವಣಿ ಇದೆ. ಏಜೆಂಟರ ಕೈಗೆ ಚಿಕ್ಕ ಯಂತ್ರ ಬಂದ ಮೇಲೆ, ಬೆಳಿಗ್ಗೆ ಅದಕ್ಕೆ ಖಾತೆಗಳ ಪಟ್ಟಿ ತುಂಬುವುದೂ ಸಂಜೆ ವಸೂಲಿಯ ಲೆಕ್ಕ ಇಳಿಸಿಕೊಳ್ಳುವುದೂ ಈ ಒಂಬತ್ತು ಪಿನ್ನಿನ ಕೇಬಲ್ ಮೂಲಕವೇ. ಲೆಕ್ಕ ಹಾಕಿ ನೋಡಿ. ೫೦೦ ಖಾತೆ, ಖಾತೆಗೆ ೬೦ ಅಕ್ಷರ, ಒಟ್ಟು ೩೦,೦೦೦ ಅಕ್ಷರ. ೯೬೦೦ ಬಾಡ್ ವೇಗದಲ್ಲಿ ಸೆಕೆಂಡಿಗೆ ಸುಮಾರು ೯೬೦ ಅಕ್ಷರ ಹೋಗುತ್ತದೆ. ಅರ್ಧ ನಿಮಿಷದ ಕೆಲಸ. ತರಕಾರಿ ಮಾರುವ ಬಾಯಿ ಕೊಟ್ಟ ಹತ್ತು ರೂಪಾಯಿ ಅವಳ ಖಾತೆಗೆ ಸೇರಲು ಇದಕ್ಕಿಂತ ವೇಗ ಯಾಕೆ ಬೇಕು?

ಈಗ ತಂತಿ ಕಳಚಿದ ಕಥೆಗೆ ಬರೋಣ. ೧೯೯೪ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಇಂಜಿನಿಯರುಗಳು ಒಂದು ಕೆಲಸ ಕೈಗೆತ್ತಿಕೊಂಡರು. ಆರ್‌ಎಸ್-೨೩೨ ಕೇಬಲ್ಲಿನ ಬದಲಿಗೆ ಹತ್ತಿರದ ಯಂತ್ರಗಳ ನಡುವೆ ಕೆಲಸ ಮಾಡುವ ಪುಟ್ಟ ರೇಡಿಯೋ ಬೇಕಿತ್ತು. ೧೯೯೮ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಸೇರಿ ಒಂದು ಕೂಟ ಕಟ್ಟಿಕೊಂಡರು, ಮರುವರ್ಷ ಮೊದಲ ಆವೃತ್ತಿ ಬಂತು. ಹೆಸರು ಮಾತ್ರ ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜನದ್ದು, ಬ್ಲೂಟೂತ್! ಹೌದು ಸ್ವಾಮಿ, ಇವತ್ತು ಹುಡುಗರು ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳುವ ಬ್ಲೂಟೂತ್ ಹುಟ್ಟಿದ್ದು ನಮ್ಮ ಈ ಹಳೇ ಕೇಬಲ್ಲಿಗೆ ಬದಲಿಯಾಗಿ. ಅದರೊಳಗೆ ಆರ್‌ಎಫ್‌ಕಾಮ್ ಎಂಬ ಪದರವಿದೆ. ಆರ್‌ಎಸ್-೨೩೨ರ ಒಂಬತ್ತು ಸಂಕೇತ ಮಾರ್ಗಗಳನ್ನು ಅದು ಗಾಳಿಯಲ್ಲೂ ಅನುಕರಿಸುತ್ತದೆ. ತಂತಿ ಹೋಯಿತು, ಒಪ್ಪಂದ ಉಳಿಯಿತು.

ಆದರೆ ಯಂತ್ರ ಬಂದ ಮಾತ್ರಕ್ಕೆ ನಾಗಪುರದಲ್ಲಿ ಹಚ್ಚುವಂತಿರಲಿಲ್ಲ. ನಮ್ಮಲ್ಲಿ ೧೯೩೩ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಇತ್ತಲ್ಲ! ಲೈಸೆನ್ಸ್ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧ. ರೇಡಿಯೋ ಕೇಳಲಿಕ್ಕೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸುತ್ತಿದ್ದ ಕಾಲ ನನ್ನ ವಯಸ್ಸಿನವರಿಗೆ ನೆನಪಿರಬೇಕು. ಎಂಬತ್ತರ ದಶಕದ ಮಧ್ಯದಲ್ಲಿ ಅದು ನಿಂತಿತು. ಬ್ಲೂಟೂತ್, ವೈಫೈ ಎರಡೂ ಓಡಾಡುವುದು ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಕೇಂದ್ರ ಸರ್ಕಾರ ೨೦೦೫ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿ ೨.೪ರಿಂದ ೨.೪೮೩೫ ಗಿಗಾಹರ್ಟ್ಸ್‌ವರೆಗಿನ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಗೋಡೆಯ ಈಚೆಯ ಯಂತ್ರ ಆಚೆಯ ಕಂಪ್ಯೂಟರಿನೊಡನೆ ಗಾಳಿಯಲ್ಲಿ ಮಾತಾಡುವುದಕ್ಕೆ ಯಾರ ಅಪ್ಪಣೆಯೂ ಬೇಡವಾದದ್ದು ಹೀಗೆ. ೨೦೨೩ರಲ್ಲಿ ಸಂಸತ್ತು ಹಳೆಯ ತಂತಿ-ನಿಸ್ತಂತು ಕಾಯ್ದೆಗಳ ಜಾಗಕ್ಕೆ ಹೊಸ ದೂರಸಂಪರ್ಕ ಕಾಯ್ದೆಯನ್ನೇ ಅಂಗೀಕರಿಸಿತು.

ಇಷ್ಟೆಲ್ಲ ಇತಿಹಾಸದಿಂದ ನಮಗೇನು ಅಂತೀರಾ? ನಮ್ಮ ಪೇಠಿನದೇ ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಒಂದು ಸಣ್ಣ ಲ್ಯಾಬಿನವರು ಹೊಸ ಪರೀಕ್ಷಾ ಯಂತ್ರಕ್ಕೆ ಸಾಲ ಬೇಕೆಂದು ಬಂದರು. ಇದ್ದ ಯಂತ್ರಕ್ಕೆ ಏನಾಗಿದೆ ಎಂದು ಕೇಳಿದೆ. "ಏನೂ ಆಗಿಲ್ಲ ಸಾಹೇಬ್, ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಆದರೆ ಹೊಸ ಕಂಪ್ಯೂಟರಿಗೆ ಆ ಸಾಕೆಟ್ಟೇ ಇಲ್ಲ. ನಡುವೆ ಪ್ಲೈವುಡ್ ಗೋಡೆ ಬೇರೆ ಹಾಕಿಸಿದ್ದೇವೆ. ಮಾರಾಟದವರು ಹೊಸದೇ ತಗೊಳ್ಳಿ ಅಂತಾರೆ" ಎಂದರು. ಅಲ್ಲಿಯವರೆಗೆ ಹುಡುಗಿಯೊಬ್ಬಳು ಯಂತ್ರದ ಪರದೆ ನೋಡಿ ಅಂಕಿಗಳನ್ನು ಚೀಟಿಯಲ್ಲಿ ಬರೆದು ತಂದು ಮತ್ತೆ ಟೈಪ್ ಮಾಡುತ್ತಿದ್ದಳಂತೆ. ನನಗೆ ದಿಗಿಲಾಯಿತು. ಲೆಡ್ಜರಿನಲ್ಲಿ ಅಂಕಿ ಅದಲುಬದಲಾದರೆ ಸಂಜೆ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ. ರಕ್ತದ ರಿಪೋರ್ಟಿನಲ್ಲಿ ೫೪ ಹೋಗಿ ೪೫ ಆದರೆ ತಾಳೆ ನೋಡುವವರು ಯಾರು?

ಸೀತಾಬರ್ಡಿಯಿಂದ ಒಬ್ಬ ತಂತ್ರಜ್ಞ ಹುಡುಗ ಬಂದ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಬ್ಲೂಟೂತ್ ಅಡಾಪ್ಟರನ್ನು ಯಂತ್ರದ ಹಿಂದೆ ಸಿಕ್ಕಿಸಿದ. ಸೀರಿಯಲ್ ಸಾಕೆಟ್ಟಿನಲ್ಲಿ ಅದಕ್ಕೆ ಬೇಕಾದ ವಿದ್ಯುತ್ ಸಿಗುವುದಿಲ್ಲವಾದ್ದರಿಂದ ಐದು ವೋಲ್ಟಿನ ಬೇರೆ ಚಾರ್ಜರ್ ಕೊಟ್ಟ. ಕಂಪ್ಯೂಟರಿನೊಡನೆ ಜೋಡಿ ಮಾಡಿದಾಗ ಅದು ಇಲ್ಲದ ಪೋರ್ಟೊಂದಕ್ಕೆ ಕಾಮ್-೫ ಅಂತ ತಾನೇ ನಂಬರು ಕೊಟ್ಟಿತು. ಮೊದಲು ಪರದೆಯ ತುಂಬ ಚಿತ್ರವಿಚಿತ್ರ ಕಸ. ಹುಡುಗ ಗಾಬರಿಯಾಗಲಿಲ್ಲ. ಯಂತ್ರದ ಕೈಪಿಡಿ ತೆಗೆಸಿದ. ವೇಗ ೪೮೦೦, ಅಕ್ಷರಕ್ಕೆ ೭ ಬಿಟ್, ತಾಳೆಗೆ ಸಮಸಂಖ್ಯೆಯ ಪ್ಯಾರಿಟಿ ಎಂದಿತ್ತು. ಅಡಾಪ್ಟರಿನಲ್ಲೂ ಅದನ್ನೇ ಹಾಕಿದ ಕೂಡಲೇ ಅಂಕಿಗಳು ಸಾಲಾಗಿ ಬಂದು ಕೂತವು. ಎರಡೂ ಕಡೆ ಅದೇ ಒಪ್ಪಂದ ಇದ್ದರೆ ಮಾತ್ರ ಮಾತು, ಇಲ್ಲದಿದ್ದರೆ ಗದ್ದಲ. ಕೆಲವೇ ಸಾವಿರ ರೂಪಾಯಿಯಲ್ಲಿ ಕೆಲಸ ಮುಗಿಯಿತು. ನಮ್ಮ ಶಾಖೆಯ ಸಾಲದ ಗುರಿಗೆ ಒಂದು ಅರ್ಜಿ ಕಡಿಮೆಯಾಯಿತು, ಇರಲಿ ಬಿಡಿ.

ಇನ್ನು ಲೆಕ್ಕಪತ್ರದ ಮಾತು. ಆದಾಯ ತೆರಿಗೆ ನಿಯಮದಲ್ಲಿ ಸಾಮಾನ್ಯ ಯಂತ್ರಗಳಿಗೆ ವರ್ಷಕ್ಕೆ ಶೇ. ೧೫ ಸವಕಳಿ, ಕಂಪ್ಯೂಟರಿಗೆ ಶೇ. ೪೦. ಇಳಿಯುವ ಮೌಲ್ಯದ ಪದ್ಧತಿಯಲ್ಲಿ ಲಕ್ಷ ರೂಪಾಯಿಯ ಕಂಪ್ಯೂಟರ್ ಐದು ವರ್ಷದಲ್ಲಿ ಪುಸ್ತಕದಲ್ಲಿ ೭,೭೭೬ ರೂಪಾಯಿಗೆ ಇಳಿಯುತ್ತದೆ. ಲಕ್ಷ ರೂಪಾಯಿಯ ಯಂತ್ರ ಹತ್ತು ವರ್ಷದ ನಂತರವೂ ಸುಮಾರು ೧೯,೬೮೭ ರೂಪಾಯಿ ಬಾಳುತ್ತದೆ. ಸರ್ಕಾರದ ಲೆಕ್ಕವೇ ಹೇಳುತ್ತಿದೆ, ಎರಡರ ಆಯುಷ್ಯ ಬೇರೆ ಬೇರೆ. ತಕ್ಕಡಿ, ಪ್ರಿಂಟರು, ಪರೀಕ್ಷಾ ಯಂತ್ರ ಇವು ಎತ್ತಿನಂತೆ ನಿಧಾನ ಮುದಿಯಾಗುತ್ತವೆ. ಕಂಪ್ಯೂಟರಿಗೆ ಚಿಟ್ಟೆಯ ಆಯುಷ್ಯ. ಚಿಟ್ಟೆ ಸತ್ತಿತೆಂದು ಎತ್ತನ್ನು ಮಾರುವುದು ಜಾಣತನವಲ್ಲ. ಈ ಎರಡು ಆಯುಷ್ಯಗಳ ನಡುವೆ ಸೇತುವೆಯಾಗಿ ನಿಂತದ್ದೇ ಈ ಒಂಬತ್ತು ಪಿನ್ನು. ಟೆಲಿಪ್ರಿಂಟರ್ ಹೋಯಿತು, ೨೦೧೩ರ ಜುಲೈನಲ್ಲಿ ನಮ್ಮ ಟೆಲಿಗ್ರಾಮೂ ನಿಂತಿತು, ಯುನಿಕ್ಸ್ ಟರ್ಮಿನಲ್ಲುಗಳು ಗುಜರಿ ಸೇರಿದವು. ಸೇತುವೆ ಇನ್ನೂ ಇದೆ.

ಹಾಗಂತ ಕಣ್ಣು ಮುಚ್ಚಿ ಹಾಕಿಸಬೇಡಿ. ಕೇಬಲ್ ಇದ್ದಾಗ ಕದಿಯುವವನು ಕೋಣೆಯೊಳಗೇ ಬರಬೇಕಿತ್ತು, ಗಾಳಿಗೆ ಬಾಗಿಲಿಲ್ಲ. ಸಾಮಾನ್ಯ ಬ್ಲೂಟೂತ್ ಹತ್ತು ಮೀಟರ್ ಮುಟ್ಟುತ್ತದೆ, ಹೆಚ್ಚು ಶಕ್ತಿಯದ್ದು ನೂರು. ಅನೇಕ ಅಡಾಪ್ಟರುಗಳು ೧೨೩೪ ಅಥವಾ ೦೦೦೦ ಎಂಬ ಪಿನ್ ಇಟ್ಟುಕೊಂಡೇ ಪೆಟ್ಟಿಗೆಯಿಂದ ಹೊರಬರುತ್ತವೆ. ಮೊದಲ ದಿನವೇ ಅದನ್ನು ಬದಲಿಸಿ. ೨೦೦೭ರ ೨.೧ ಆವೃತ್ತಿಯ ಈಚಿನದ್ದನ್ನು ಕೊಂಡರೆ ಜೋಡಿಸುವ ಪದ್ಧತಿ ಹೆಚ್ಚು ಭದ್ರ. ಆಸ್ಪತ್ರೆಯ ಯಂತ್ರವಾದರೆ ಸರ್ವಿಸ್ ಕರಾರನ್ನೂ ಓದಿಕೊಳ್ಳಿ. ಮತ್ತು ಮೊದಲ ವಾರ ಯಂತ್ರದ ಪರದೆಯ ಅಂಕಿಗೂ ಕಂಪ್ಯೂಟರಿನ ಅಂಕಿಗೂ ದಿನಾ ತಾಳೆ ನೋಡಿ. ಬ್ಯಾಂಕಿನವನ ಬುದ್ಧಿ ಅನ್ನಿ ಬೇಕಾದರೆ. ತಂತಿ ಇರಲಿ, ಇಲ್ಲದಿರಲಿ, ತಾಳೆಯಾಗದ ಲೆಕ್ಕವನ್ನು ನಂಬಬಾರದು.