ಸುಂಕೇನಹಳ್ಳಿಯಲ್ಲೊಂದು ಭಾನುವಾರ

ಭಾನುವಾರ ಬೆಳಗ್ಗೆ ಎಂಟೂಕಾಲು. ಬಸವನಗುಡಿಯ ಹೋಟೆಲೊಂದರ ಮುಂದೆ ನಾನೂ ಅಪ್ಪನೂ ನಿಂತಿದ್ವಿ. ಬಾಗಿಲಲ್ಲಿ ನಿಂತವರ ಹತ್ತಿರ ನನ್ನ ಹೆಸರು ಬರೆಸಿ ಆಗಿತ್ತು. ನಮಗಿಂತ ಮುಂದೆ ಮೂವತ್ತು ಜನ. ಲಾಲ್‌ಬಾಗಲ್ಲಿ ಓಡಿ ಬಂದು ಬೆವರು ಒರೆಸಿಕೊಳ್ತಿದ್ದ ಟೀ ಶರ್ಟುಗಳು, ಸೈಕಲ್ ಹೆಲ್ಮೆಟ್ಟುಗಳು, ಕಂಕುಳಲ್ಲಿ ಪೇಪರ್ ಮಡಚಿಟ್ಟುಕೊಂಡ ಹಿರಿಯರು, ಮಗೂನ ಎತ್ತಿಕೊಂಡೇ ಸೆಲ್ಫಿ ತೆಗೀತಿದ್ದ ಒಂದು ಜೋಡಿ. ಮೇಲೆ ಮರದ ನೆರಳು. ಒಳಗಿಂದ ತುಪ್ಪದ ವಾಸನೆ.

ಶಿರಾ ಕಡೆಯ ನಮ್ಮೂರಿಂದ ಅಪ್ಪ ಬಂದಿದ್ದು ಹಿಂದಿನ ರಾತ್ರಿ. "ದುಡ್ಡು ಕೊಟ್ಟು ತಿನ್ನಾಕೂ ಸೊಸೈಟಿ ಅಂಗಡಿ ಥರ ಕ್ಯೂ ಏನ್ಲಾ?" ಅಂದ್ರು. ನಕ್ಕೆ. ಅಷ್ಟರಲ್ಲಿ ಯಾರೋ ಬಾಗಿಲು ತೆಗೆದ್ರು. ಅಪ್ಪ ಒಳಗೆ ಇಣುಕಿ ನೋಡಿ, ದನಿ ಇಳಿಸಿ ಕೇಳಿದ್ರು: "ಒಳಗಡೆ ಎಲ್ರೂ ಒಟ್ಟಿಗೇ ಕೂತ್ಕಂತಾರೇನ್ಲಾ?"

"ಟೇಬಲ್ ಶೇರ್ ಮಾಡ್ಬೇಕಾಗುತ್ತಪ್ಪ, ರಶ್ ಇದೆಯಲ್ಲ" ಅಂದೆ.

ಅಪ್ಪ ಕೇಳಿದ್ದು ಅದಲ್ಲ ಅಂತ ಗೊತ್ತಾಗೋಕೆ ನನಗೆ ಒಂದು ನಿಮಿಷ ಹಿಡೀತು.

ಆ ಒಂದು ನಿಮಿಷದ ಬಗ್ಗೆ ಬರೀಬೇಕು ಅಂತ ಅವತ್ತಿಂದ ಅಂದುಕೊಳ್ತಾ ಇದೀನಿ. ಆದ್ರೆ ಅಲ್ಲಿಗೆ ಬರೋಕೆ ಸ್ವಲ್ಪ ಸುತ್ತು ಹಾಕಬೇಕು. ನಾವು ವೀಕೆಂಡ್ ಕಳೆಯೋಕೆ ಬರೋ ಈ ನೆರಳು, ಈ ಅಗಲವಾದ ರಸ್ತೆ, ಈ ದೋಸೆ ಎಲ್ಲಾ ಎಲ್ಲಿಂದ ಬಂತು ಅನ್ನೋದೇ ಆ ಸುತ್ತು.

ಭಯದಿಂದ ಹುಟ್ಟಿದ ಬಡಾವಣೆ

ಬಸವನಗುಡಿ ಆಗೋ ಮುಂಚೆ ಇದು ಸುಂಕೇನಹಳ್ಳಿ. ಸುತ್ತ ಮಾವಳ್ಳಿ, ಗುಟ್ಟಹಳ್ಳಿ. ಹೊಲ, ತೋಪು, ಬಂಡೆ, ಬಂಡೆ ಮೇಲೊಂದು ದೊಡ್ಡ ಬಸವ. ಬೆಂಗಳೂರು ಅಂದ್ರೆ ಆಗ ಪೇಟೆ: ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ. ಕೆಂಪೇಗೌಡರ ಕಾಲದಿಂದ ಬೆಳೆದ ಊರು, ಗೋಡೆಗೆ ಗೋಡೆ ತಾಗಿದ ಮನೆಗಳು. ಆಚೆಗೆ ದಂಡು, ಅದು ಬ್ರಿಟಿಷರದ್ದು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಎರಡು ವರ್ಷದಲ್ಲಿ, 1898ರ ಆಗಸ್ಟ್ ಹೊತ್ತಿಗೆ, ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಅದು ಬೆಂಗಳೂರಿಗೂ ಇಳೀತು. ಇಲಿ ಸತ್ತು ಬೀಳೋದು, ಆಮೇಲೆ ಮನುಷ್ಯರಿಗೆ ಜ್ವರ, ಕಂಕುಳಲ್ಲಿ ಗೆಡ್ಡೆ, ಮೂರ್ನಾಲ್ಕು ದಿನದಲ್ಲಿ ಸಾವು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತೆ ಅಂತ ಫ್ರೆಂಚ್ ವೈದ್ಯ ಸಿಮೋಂಡ್ ಹೇಳಿದ್ದೂ ಅದೇ 1898ರಲ್ಲೇ. ಆದ್ರೆ ಅದನ್ನ ಜಗತ್ತು ಒಪ್ಪಿಕೊಳ್ಳೋಕೆ ವರ್ಷಗಳೇ ಬೇಕಾದವು. ಅವತ್ತಿಗೆ ಅಧಿಕಾರಿಗಳಿಗೆ ಕಾಣಿಸಿದ ಕಾರಣ ಒಂದೇ: ಇಕ್ಕಟ್ಟು, ಕತ್ತಲೆ, ಗಾಳಿ ಇಲ್ಲದ ಮನೆ. ಹಾಗಾಗಿ ಮನೆ ಖಾಲಿ ಮಾಡಿಸಿದ್ರು, ಕೆಲವನ್ನ ಕೆಡವಿದ್ರು, ಊರಾಚೆ ಕ್ಯಾಂಪ್ ಹಾಕಿದ್ರು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ ಅದು. ಪೇಟೆಯ ಒತ್ತಡ ಕಮ್ಮಿ ಮಾಡೋಕೆ ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಅಂತ ಎರಡು ಹೊಸ ಬಡಾವಣೆಗಳು ಹುಟ್ಟಿಕೊಂಡವು. ನೇರ ರಸ್ತೆ, ಮನೆಗೂ ಮನೆಗೂ ಮಧ್ಯೆ ಜಾಗ, ಎಲ್ಲರಿಗೂ ಗಾಳಿ ಬೆಳಕು. ಇವತ್ತು ನಾವು 'ಓಲ್ಡ್ ಬ್ಯಾಂಗಲೋರ್ ಚಾರ್ಮ್' ಅಂತ ಸ್ಟೇಟಸ್ ಹಾಕ್ತೀವಲ್ಲ, ಅದರ ಅಸಲಿ ಹೆಸರು ಸೋಶಿಯಲ್ ಡಿಸ್ಟೆನ್ಸಿಂಗ್.

ನಮ್ಮೂರಲ್ಲೂ ಪ್ಲೇಗ್ ಕಥೆ ಇದೆ. ಅಜ್ಜಿ ಅವರ ಅತ್ತೆ ಬಾಯಲ್ಲಿ ಕೇಳಿದ್ದನ್ನ ನಮಗೆ ಹೇಳ್ತಿದ್ರು: ಇಲಿ ಬಿತ್ತು ಅಂದ ಕೂಡ್ಲೇ ಊರಿಗೂರೇ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರೋದು, ಕಾಯಿಲೆ ಇಳಿದ ಮೇಲೆ ಮಾರಮ್ಮನಿಗೆ ಪೂಜೆ ಮಾಡಿ ಊರು ಸೇರೋದು. ಬೆಂಗಳೂರಲ್ಲಿ ಆಗಿದ್ದೂ ಅದೇ, ಹೊಲಕ್ಕೆ ಹೋಗಿದ್ದು. ವ್ಯತ್ಯಾಸ ಇಷ್ಟೇ. ನಮ್ಮೂರವರು ವಾಪಸ್ ಬಂದ್ರು, ಪೇಟೆಯವರು ಬೇರೆಯವರ ಹೊಲದಲ್ಲಿ ಸೈಟ್ ತಗೊಂಡು ಅಲ್ಲೇ ಉಳಿದ್ರು. 2020ರಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಊರಿಗೆ ಓಡಿದ್ದ ನನಗೆ ಈ ಕಥೆ ಅಷ್ಟೇನೂ ಹಳೇದು ಅನ್ನಿಸಲ್ಲ.

ಮುಂದಿನ ರಸ್ತೆ, ಹಿಂದಿನ ಓಣಿ

ಮರಗಳ ಮಾತಿಗೆ ಬರೋಣ. ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ. ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದು 1889ರಲ್ಲಿ. ಅಂದ್ರೆ ಬಸವನಗುಡಿ ಹುಟ್ಟೋ ಹೊತ್ತಿಗೆ ಪಕ್ಕದಲ್ಲೇ ಇಂಥದ್ದೊಂದು ತೋಟ ಇತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಜಾತಿ ಮರದ ಹೂವು ಉದುರೋ ಹೊತ್ತಿಗೆ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದವರು. ವರ್ಷವಿಡೀ ಯಾವುದಾದ್ರೂ ಒಂದು ರಸ್ತೆ ಹೂ ಹಾಸಿಕೊಂಡಿರೋದು ಅದಕ್ಕೇ.

ಇದೆಲ್ಲ ಮನೆಗಳ ಮುಂದಿನ ಕಥೆ. ಹಿಂದಿನದ್ದೂ ಒಂದಿದೆ.

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಸುಮ್ನೆ ನಡೆದಾಡುವಾಗ ಗಮನಿಸಿ. ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ಸೇರೋ ಕಡೆ ಸಣ್ಣ ಓಣಿ ಸಿಗುತ್ತೆ. ಕನ್ಸರ್ವೆನ್ಸಿ ಲೇನ್ ಅಂತಾರೆ. ಈಗ ಕೆಲವದರಲ್ಲಿ ಬೈಕ್ ನಿಲ್ಲಿಸ್ತಾರೆ, ಕೆಲವಕ್ಕೆ ಚಿತ್ರ ಬರೆದು ಫೋಟೋ ತೆಗೆಯೋ ಜಾಗ ಮಾಡಿದಾರೆ. ನಾನೂ ಅಂಥ ಒಂದು ಗೋಡೆ ಮುಂದೆ ನಿಂತು ಡಿಪಿ ತೆಗೆಸ್ಕೊಂಡವನೇ. ಆ ಓಣಿ ಮಾಡಿದ್ದು ಯಾಕೆ ಅಂತ ಆಮೇಲೆ ಗೊತ್ತಾಯ್ತು. ಒಳಚರಂಡಿ ಇಲ್ಲದ ಕಾಲದಲ್ಲಿ ಮಲದ ಬುಟ್ಟಿ ಹೊತ್ತು ಸಾಗಿಸೋ ಜನ ಮುಂಬಾಗಿಲ ರಸ್ತೆಯಲ್ಲಿ ಕಾಣಿಸಬಾರದು ಅಂತ ಮಾಡಿದ ದಾರಿ ಅದು. ಬೆಳಗಾಗೋ ಮುಂಚೆ ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗೋದು. ಆರೋಗ್ಯಕ್ಕೆ ಅಂತ ಕಟ್ಟಿದ ಬಡಾವಣೆಯ ನಕ್ಷೆಯಲ್ಲೇ ಜಾತಿಗೂ ಒಂದು ರಸ್ತೆ ಇತ್ತು. ಮಲ ಹೊರೋ ಪದ್ಧತಿ ನಿಷೇಧ ಆಗಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ.

ಆ ಗೋಡೆ ಮುಂದೆ ತೆಗೆಸಿದ ಡಿಪಿ ಚೇಂಜ್ ಮಾಡಿದೆ. ಅದರಿಂದ ಏನೂ ಆಗಲ್ಲ, ಗೊತ್ತು.

ಸಂವಿಧಾನದಲ್ಲಿರೋ ಹೋಟೆಲ್

ಈಗ ದೋಸೆ. ಹೊಸ ಬಡಾವಣೆಗಳಲ್ಲಿ ಗುಮಾಸ್ತರು, ಮೇಷ್ಟ್ರು, ವಕೀಲರು, ಊರು ಬಿಟ್ಟು ಓದೋಕೆ ಬಂದ ಹುಡುಗರು ತುಂಬಿಕೊಂಡ್ರು. ಕರಾವಳಿಯಿಂದ, ಅದರಲ್ಲೂ ಉಡುಪಿ ಸುತ್ತಮುತ್ತಲಿಂದ, ಅಡುಗೆ ಬಲ್ಲವರು ಘಟ್ಟ ಹತ್ತಿ ಬಂದು ಅವರಿಗೆ ಕಾಫಿ ತಿಂಡಿ ಕೊಟ್ರು. 1924ರಲ್ಲಿ ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು ಸೋದರರ ಜೊತೆ ಲಾಲ್‌ಬಾಗ್ ಕಡೆ ಶುರು ಮಾಡಿದ ಹೋಟೆಲ್ಲೇ ಮುಂದೆ 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಅಂತ ಹೆಸರು ಬದಲಿಸಿಕೊಂಡಿದ್ದು, ನಮ್ಮ ಎಂಟಿಆರ್. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಶುರುವಾಯ್ತು. ಯಾರಿಗೋಸ್ಕರ ಅಂತ ಹೆಸರೇ ಹೇಳುತ್ತೆ.

ಎಂಟಿಆರ್‌ನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಇಂಥ ಹೆಸರು ಮಾಮೂಲು. ಹೊರಗೆ ತಿನ್ನೋದೇ ಮೈಲಿಗೆ ಅಂದುಕೊಂಡಿದ್ದ ಜನರಿಗೆ 'ಅಡುಗೆ ಮಾಡಿದವರು ಯಾರು' ಅನ್ನೋ ಪ್ರಶ್ನೆಗೆ ಬೋರ್ಡೇ ಉತ್ತರ ಕೊಡಬೇಕಿತ್ತು. ಅಷ್ಟಕ್ಕೇ ನಿಲ್ತಿರಲಿಲ್ಲ. ನಮ್ಮ ಕಡೆಯ ಊರು ಪಟ್ಟಣಗಳ ಎಷ್ಟೋ ಹೋಟೆಲ್‌ಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಕೋಣೆ, ಮಿಕ್ಕವರಿಗೆ ಬೇರೆ ಕಡೆ, ಕೆಲವರಿಗೆ ಒಳಗೆ ಜಾಗವೇ ಇಲ್ಲ.

ನಿಮ್ಮ ಮನೇಲಿ ಸಂವಿಧಾನದ ಪ್ರತಿ ಇದ್ರೆ 15ನೇ ವಿಧಿ ತೆಗೆದು ನೋಡಿ. ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾವ ನಾಗರಿಕನನ್ನೂ ಅಂಗಡಿ, ಉಪಾಹಾರ ಗೃಹ, ಹೋಟೆಲ್‌ಗಳಿಗೆ ಹೋಗದಂತೆ ತಡೆಯೋ ಹಾಗಿಲ್ಲ ಅಂತ ಅದು ಹೇಳುತ್ತೆ. ಕೆರೆ, ಬಾವಿ, ರಸ್ತೆಗಳ ಮಾತೂ ಅಲ್ಲೇ ಇದೆ. ಮೊದಲ ಸಲ ಓದಿದಾಗ ನನಗೆ ವಿಚಿತ್ರ ಅನ್ನಿಸಿತ್ತು. ಇಡೀ ದೇಶದ ಮೂಲ ಕಾನೂನಲ್ಲಿ ಹೋಟೆಲ್ ಯಾಕೆ ಬಂತು? 1950ರ ಜನವರಿ 26ರಂದು ಅದು ಜಾರಿಗೆ ಬಂತು. 1955ರಲ್ಲಿ ಅಸ್ಪೃಶ್ಯತೆ ಆಚರಿಸೋರಿಗೆ ಶಿಕ್ಷೆ ಕೊಡೋ ಕಾನೂನೂ ಬಂತು. ಕೋಡ್ ಬರೆಯೋನಾಗಿ ಒಂದು ಮಾತು ಹೇಳ್ತೀನಿ: ರಿಲೀಸ್ ಆಗಿದ್ದು ಅವತ್ತೇ, ಆದ್ರೆ ಎಷ್ಟೋ ಊರಲ್ಲಿ ಇನ್‌ಸ್ಟಾಲ್ ಆಗೋಕೆ ಇನ್ನೂ ಹತ್ತಾರು ವರ್ಷ ಹಿಡೀತು.

ಆ ಮಾತಿಗೆ ಸಾಕ್ಷಿ ನನ್ನ ಪಕ್ಕ ಕ್ಯೂನಲ್ಲಿ ನಿಂತಿದ್ರು.

ಅಪ್ಪ ಹುಡುಗನಾಗಿದ್ದಾಗ, ಎಪ್ಪತ್ತರ ದಶಕದಲ್ಲಿ, ತಾತನ ಜೊತೆ ಗಾಡಿ ಮೇಲೆ ಕಡ್ಲೆಕಾಯಿ ಮೂಟೆ ಹಾಕ್ಕೊಂಡು ಪೇಟೆಗೆ ಹೋಗ್ತಿದ್ರಂತೆ. ಮಾರಿ ದುಡ್ಡು ಕೈಗೆ ಬಂದ ಮೇಲೆ ಹೋಟೆಲ್ ಹತ್ತಿರ ಹೋಗೋದು. ಒಳಗಲ್ಲ, ಹೊರಗೆ. ಗೋಡೆಯ ಗೂಡಲ್ಲಿ ಇವರಿಗೆ ಅಂತಲೇ ಎರಡು ಲೋಟ. ತಾವೇ ತೆಗೆದು ತೊಳೆದು ಹಿಡಿದ್ರೆ ಮೇಲಿಂದ ಟೀ ಹುಯ್ಯೋರು. ಕುಡಿದು, ತೊಳೆದು, ಮತ್ತೆ ಗೂಡಲ್ಲಿಡೋದು. ದುಡ್ಡು ಮಾತ್ರ ಎಲ್ಲರಷ್ಟೇ. ಇದನ್ನ ಅಪ್ಪ ಮೊದಲು ಯಾವತ್ತೂ ಹೇಳಿರಲಿಲ್ಲ. ಅವತ್ತು ಕ್ಯೂನಲ್ಲಿ, ಪಕ್ಕದವರಿಗೆ ಕೇಳಿಸದ ಹಾಗೆ, ಯಾರದ್ದೋ ವಿಷಯ ಅನ್ನೋ ಥರ ಹೇಳಿದ್ರು.

ಒಂಬತ್ತು ಗಂಟೆಗೆ ನನ್ನ ಹೆಸರು ಕೂಗಿದ್ರು. ಒಳಗೆ ನಾಲ್ಕು ಜನರ ಟೇಬಲ್. ಎದುರಿಗೆ ಪಂಚೆ ಉಟ್ಟ ಹಿರಿಯರೊಬ್ಬರು, ಅವರ ಮೊಮ್ಮಗಳು. ಆ ಹಿರಿಯರು ತಮ್ಮ ಚಟ್ನಿ ಬಟ್ಟಲನ್ನ ಅಪ್ಪನ ಕಡೆ ಸರಿಸಿ, "ನಿಮ್ಮದು ಬರೋತನಕ ಇದನ್ನೇ ಹಾಕ್ಕೊಳಿ ಯಜಮಾನ್ರೇ" ಅಂದ್ರು. ಅಪ್ಪ ಹಾಕ್ಕೊಂಡ್ರು. ಎರಡು ದೋಸೆ ತಿಂದ್ರು. ಕಾಫಿ ಕುಡಿದಾದ ಮೇಲೆ ಲೋಟ ಕೈಯಲ್ಲೇ ಹಿಡ್ಕೊಂಡು ಆಕಡೆ ಈಕಡೆ ನೋಡಿದ್ರು. "ಅಲ್ಲೇ ಇಡಪ್ಪ" ಅಂದೆ. ಇಟ್ಟು, ಎದ್ರು.

ಎತ್ತಿನ ವೀಕೆಂಡು

ಹೊಟ್ಟೆ ತುಂಬಿದ ಮೇಲೆ ಬಸವನ ಗುಡಿಗೆ ನಡೆದ್ವಿ. ಅಷ್ಟೆತ್ತರದ ಕಲ್ಲು ಬಸವನ್ನ ನೋಡಿ ಅಪ್ಪ ಮೊದಲು ಕೇಳಿದ್ದು, "ಇಲ್ಲಿ ಮುಂಚೆ ಏನು ಬೆಳೀತಿದ್ರಂತೆ?" ಕಡ್ಲೆಕಾಯಿ ಅಂದೆ. ಬೆಳೆ ಮೇಯ್ತಿದ್ದ ಬಸವ ಕಲ್ಲಾಗಿದ್ದು, ರೈತರು ಮೊದಲ ಫಸಲು ಅವನಿಗೇ ಅಂತ ಹರಕೆ ಹೊತ್ತಿದ್ದು, ಎಲ್ಲಾ ಹೇಳಿದೆ. ಕಡ್ಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ, ಹಡಗಲ್ಲಿ ಬಂದಿದ್ದು ಅಂತಾನೂ ಹೇಳಿದೆ. "ಬಂದಿದ್ದು ಎಲ್ಲಿಂದಾದ್ರೇನು, ಬೆಳೆದಿದ್ದು ನಾವೇ ತಾನೆ" ಅಂದ್ರು. ಇತಿಹಾಸಕಾರರು ಇದಕ್ಕೆ ಏನಂತಾರೋ, ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೇ ಸೋಮವಾರ. ವೀಕೆಂಡಲ್ಲಿ ಇಟ್ಟಿದ್ರೆ ಚೆನ್ನಾಗಿರ್ತಿತ್ತು ಅಂತ ಆಫೀಸಲ್ಲಿ ಪ್ರತಿ ವರ್ಷ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ. ನಾವು ರಜ ಅನ್ನೋ ಭಾನುವಾರವೂ ತಾನಾಗೇ ಬಂದಿದ್ದಲ್ಲ. ಮುಂಬೈನ ಗಿರಣಿ ಕಾರ್ಮಿಕರಿಗೆ ಅದು ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ. ಆದ್ರೆ ಹಳ್ಳೀಲಿ ಅದಕ್ಕೂ ಮುಂಚೆ ಒಂದು ವಾರದ ರಜ ಇತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಲ್ಲ, ಅದು ಬಸವಣ್ಣನ ದಿನ. ನಮ್ಮೂರಲ್ಲಿ ವೀಕೆಂಡ್ ಇದ್ದಿದ್ದು ಎತ್ತಿಗೆ, ಮನುಷ್ಯರಿಗಲ್ಲ. ಸುಂಕೇನಹಳ್ಳಿ ಕಣ್ಮರೆಯಾಗಿ ನೂರಾ ಇಪ್ಪತ್ತು ವರ್ಷದ ಮೇಲಾಯ್ತು. ಆ ಸೋಮವಾರ ಮಾತ್ರ ಹಾಗೇ ಉಳಿದಿದೆ. ವರ್ಷಕ್ಕೊಮ್ಮೆ ಬುಲ್ ಟೆಂಪಲ್ ರೋಡಿನ ಟ್ರಾಫಿಕ್ ನಿಲ್ಲಿಸಿ, ಹಳ್ಳಿಯವರು ತಮ್ಮ ಮೂಟೆ ಸಮೇತ ಬಂದು ಕೂರ್ತಾರೆ.

ಈ ಸಲದ ಪರಿಷೆಗೆ ಈಗಲೇ ರಜ ಹಾಕಿದೀನಿ. ಮ್ಯಾನೇಜರ್ ಕಾರಣ ಕೇಳಿದ್ರು, ಎತ್ತಿನ ರಜ ಅಂದೆ. ಅಪ್ಪನೂ ಬರ್ತಾರೆ. ಮೊನ್ನೆ ಫೋನಲ್ಲಿ, "ಅವತ್ತು ಮೊದ್ಲು ದೋಸೆ ತಿನ್ನಾನ, ಆಮೇಲೆ ಪರಿಷೆ" ಅಂದ್ರು. ಪರಿಷೆ ದಿನ ಹೋಟೆಲ್ ಮುಂದೆ ಇನ್ನೂ ದೊಡ್ಡ ಕ್ಯೂ ಇರುತ್ತೆ, ಒಂದು ಗಂಟೆ ನಿಲ್ಲಬೇಕಾಗುತ್ತೆ ಅಂತ ಹೇಳಿದೆ.

"ನಿಲ್ಲಾನ ಬಿಡು" ಅಂದ್ರು ಅಪ್ಪ. ಒಂದು ಕ್ಷಣ ಸುಮ್ಮನಿದ್ದು, "ಈ ಸಲ ನಿನ್ನ ಹೆಸರು ಬ್ಯಾಡ. ನನ್ನ ಹೆಸರು ಬರೆಸು. ಅವರು ಕೂಗ್ಲಿ" ಅಂದ್ರು.